ಎರಡೆರಡು ಕಾಣುವ ಕಣ್ಣು, ಮರೆತುಹೋದ ಊಟ

ಮನೆಯ ಹಿರಿಯರೊಬ್ಬರು ಬೆಳಗ್ಗೆ ಫಜ್ರ್ ನಮಾಝಿಗೆ ಎದ್ದವರು "ಯಾಕೋ ಎಲ್ಲವೂ ಎರಡೆರಡು ಕಾಣುತ್ತಿದೆ" ಎಂದರೆ ನೀವು ಏನು ಮಾಡುತ್ತೀರಿ? ಹೆಚ್ಚಿನ ಮನೆಗಳಲ್ಲಿ ಬರುವ ಉತ್ತರ ಒಂದೇ. "ಕನ್ನಡಕದ ನಂಬರ್ ಬದಲಾಗಿರಬೇಕು. ಸಂತೆಯ ದಿನ ಪೇಟೆಗೆ ಹೋದಾಗ ತೋರಿಸಿದರಾಯಿತು." ತಲೆ ಸುತ್ತಿ ವಾಂತಿಯೂ ಆದರೆ "ಪಿತ್ತ ಏರಿದೆ" ಎಂದು ನಿಂಬೆ ಶರಬತ್ತು ಕುಡಿಸಿ ಮಲಗಿಸುತ್ತೇವೆ. ಅವರು ಮಧ್ಯಾಹ್ನದವರೆಗೂ ಏಳದಿದ್ದರೆ ಪಾಪ, ಸುಸ್ತಾಗಿದೆ ಎಂದು ಬಾಗಿಲು ಮುಂದೆ ಮಾಡಿ ಬರುತ್ತೇವೆ.

ಲಕ್ವ ಎಂದರೆ ನಮಗೆ ಗೊತ್ತಿರುವುದು ಕೈಕಾಲು ಬೀಳುವುದು, ಬಾಯಿ ಸೊಟ್ಟಗಾಗುವುದು. ನಮ್ಮ ಉರ್ದು ಮಾತಿನ ಮನೆಗಳಲ್ಲಿ ಫಾಲಿಜ್ ಎಂದರೂ ಇದೇ ಚಿತ್ರ. ಕೈಕಾಲು ಆಡುತ್ತಿವೆ, ಮಾತೂ ಸರಿಯಿದೆ ಎಂದ ಮೇಲೆ ಅದು ಲಕ್ವ ಹೇಗಾದೀತು ಎಂಬುದು ಎಲ್ಲರ ನಂಬಿಕೆ. ಆದರೆ ಮೆದುಳಿನ ಹಿಂಭಾಗದ ರಕ್ತನಾಳ ಕಟ್ಟಿಕೊಂಡಾಗ ಕೈಕಾಲುಗಳಿಗೆ ಏನೂ ಆಗದೆ ಕಣ್ಣಿನ ಚಲನೆ ಮಾತ್ರ ಕೆಡಬಹುದು. ಕೆಲವರಲ್ಲಿ ಕಣ್ಣಿನ ಜೊತೆಗೆ ನೆನಪೂ ಹೋಗುತ್ತದೆ. ರಕ್ತ ಹೆಪ್ಪುಗಟ್ಟಿ ಆಗುವ ಸ್ಟ್ರೋಕ್‌ಗಳಲ್ಲಿ ಸುಮಾರು ಐದರಲ್ಲಿ ಒಂದು ಈ ಹಿಂಭಾಗದ್ದು. ಬೇಗ ಗುರುತಿಗೆ ಬಾರದೆ ಉಳಿದುಬಿಡುವುದೂ ಇದೇ.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲೂಕುಗಳ ಸಹೋದರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕಾರಣವಿದೆ. ಈ ಕಾಯಿಲೆಯಲ್ಲಿ ಮನೆಗೂ ಆಸ್ಪತ್ರೆಗೂ ನಡುವಿನ ದೂರವೇ ರೋಗಿಯ ಮುಂದಿನ ಬದುಕನ್ನು ನಿರ್ಧರಿಸಿಬಿಡುತ್ತದೆ.

ಒಂದು ಕಣ್ಣು ಮುಚ್ಚಿ ನೋಡಿ

ನಮ್ಮ ಒಂದೊಂದು ಕಣ್ಣಿಗೂ ಆರಾರು ಸಣ್ಣ ಸ್ನಾಯುಗಳಿವೆ. ಅವನ್ನು ಆಡಿಸಲು ಮೆದುಳಿನಿಂದ ಎಡಕ್ಕೆ ಮೂರು, ಬಲಕ್ಕೆ ಮೂರು ನರಗಳು ಹೊರಡುತ್ತವೆ. ಎರಡು ಕಣ್ಣುಗಳೂ ಜೋಡೆತ್ತಿನ ಹಾಗೆ ಒಟ್ಟಿಗೆ ತಿರುಗಬೇಕು. ಆಗ ಮಾತ್ರ ಎರಡು ಚಿತ್ರಗಳು ಸೇರಿ ಒಂದಾಗಿ ಕಾಣುತ್ತವೆ. ಜೋಡೆತ್ತಿನಲ್ಲಿ ಒಂದು ಹಿಂದೆ ಬಿದ್ದರೆ ಬಂಡಿ ವಾಲಿದಂತೆ ಒಂದು ಕಣ್ಣು ತಡವರಿಸಿದರೆ ನೋಟ ಒಡೆಯುತ್ತದೆ. ಈ ನರಗಳೆಲ್ಲ ಹುಟ್ಟುವುದು ಕತ್ತಿನ ಮೇಲ್ಗಡೆ, ಮೆದುಳಿನ ಕಾಂಡ ಎಂದು ಕರೆಯುವ ಹೆಬ್ಬೆರಳು ಗಾತ್ರದ ಜಾಗದಲ್ಲಿ. ಉಸಿರಾಟ, ನುಂಗುವುದು, ಎಚ್ಚರ, ಸಮತೋಲನ ಎಲ್ಲದರ ಹಿಡಿತವೂ ಅಲ್ಲೇ ಇದೆ. ಅಷ್ಟು ಇಕ್ಕಟ್ಟಾದ ಜಾಗದಲ್ಲಿ ಒಂದು ಸಣ್ಣ ನಾಳ ಕಟ್ಟಿಕೊಂಡರೂ ಮೊದಲು ಸುಳಿವು ಕೊಡುವುದು ಕಣ್ಣು.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯನ್ನು ನೀವು ಕಲಿತಿರಬೇಕು. ಎರಡೆರಡು ಕಾಣುತ್ತಿದೆ ಎಂದವರಿಗೆ ದೂರದ ಯಾವುದಾದರೂ ವಸ್ತುವನ್ನು ನೋಡಲು ಹೇಳಿ. ಮಧುಗಿರಿಯವರಾದರೆ ಅಂಗಳದಲ್ಲಿ ನಿಂತು ಏಕಶಿಲಾ ಬೆಟ್ಟವನ್ನೇ ನೋಡಲಿ. ಬೆಟ್ಟ ಎರಡಾಗಿ ಕಂಡರೆ ಅಂಗೈಯಿಂದ ಒಂದು ಕಣ್ಣು ಮುಚ್ಚಿಸಿ, ಆಮೇಲೆ ಇನ್ನೊಂದು. ಯಾವ ಕಣ್ಣು ಮುಚ್ಚಿದರೂ ಬೆಟ್ಟ ಒಂದೇ ಆಗಿ ಕಂಡರೆ ತೊಂದರೆ ಇರುವುದು ಕಣ್ಣುಗಳ ಹೊಂದಾಣಿಕೆಯಲ್ಲಿ. ಅಂದರೆ ನರ, ಸ್ನಾಯು ಅಥವಾ ಮೆದುಳಿನಲ್ಲಿ. ಒಂದು ಕಣ್ಣು ಮುಚ್ಚಿದ ಮೇಲೂ ತೆರೆದ ಕಣ್ಣಿಗೆ ಎರಡು ಕಂಡರೆ ಅದು ಸಾಮಾನ್ಯವಾಗಿ ಪೊರೆ ಅಥವಾ ಕನ್ನಡಕದ ವಿಷಯ. ಪಾವಗಡದ ಶಾರದಾದೇವಿ ಕಣ್ಣಿನ ಆಸ್ಪತ್ರೆಯಂಥ ಕಡೆ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಈ ಭಾಗದಲ್ಲಿ ಬಹಳ ಮಂದಿ. ಹೀಗಾಗಿ ಕಣ್ಣಿನ ತೊಂದರೆ ಎಂದರೆ ಪೊರೆ ಎಂದೇ ಜನ ತಿಳಿಯುವುದು ಸಹಜ. ಆದರೆ ಪೊರೆ ತಿಂಗಳುಗಟ್ಟಲೆ ಮೆಲ್ಲಗೆ ಬೆಳೆಯುತ್ತದೆ. ನಿನ್ನೆ ರಾತ್ರಿ ಒಂದಾಗಿ ಕಂಡದ್ದು ಇಂದು ಬೆಳಗ್ಗೆ ಎರಡಾದರೆ ಕಣ್ಣಿನ ಶಿಬಿರಕ್ಕೆ ಕಾಯುವಂತಿಲ್ಲ.

ಸಕ್ಕರೆ ಕಾಯಿಲೆ ಇರುವವರಲ್ಲಿ ಮೆದುಳಿಗೆ ಏನೂ ಆಗದೆ ಕಣ್ಣಿನ ಒಂದು ನರಕ್ಕೆ ಮಾತ್ರ ರಕ್ತ ಕಡಿಮೆಯಾಗಿ ಹೀಗೆ ಕಾಣುವುದುಂಟು. ಅದು ಹೆಚ್ಚಾಗಿ ಮೂರು ತಿಂಗಳೊಳಗೆ ತಾನಾಗಿ ಸರಿಹೋಗುತ್ತದೆ. ಆದರೆ ಅದನ್ನು ನಿರ್ಧರಿಸಬೇಕಾದವರು ವೈದ್ಯರು. ಒಂದು ರೆಪ್ಪೆ ಜೋತುಬಿದ್ದು, ಆ ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ, ಜೊತೆಗೆ ತಲೆ ಸಿಡಿಯುವಂಥ ನೋವಿದ್ದರೆ ಮೆದುಳಿನ ರಕ್ತನಾಳ ಉಬ್ಬಿ ಒಡೆಯುವ ಹಂತದಲ್ಲಿರಬಹುದು. ಅಲ್ಲಿ ಒಂದು ದಿನ ಕಾಯುವುದೂ ಅಪಾಯ.

ಸ್ಟ್ರೋಕ್‌ನ ಗುರುತುಗಳೆಂದು ಮುಖ, ಕೈ, ಮಾತು ಈ ಮೂರನ್ನೇ ಎಲ್ಲ ಕಡೆ ಹೇಳಿಕೊಡುತ್ತಾ ಬಂದಿದ್ದರು. ಈಗ ಅದಕ್ಕೆ ಇನ್ನೆರಡನ್ನು ಸೇರಿಸಿದ್ದಾರೆ. ಇದ್ದಕ್ಕಿದ್ದಂತೆ ಸಮತೋಲನ ತಪ್ಪುವುದು ಮತ್ತು ಇದ್ದಕ್ಕಿದ್ದಂತೆ ನೋಟ ಕೆಡುವುದು. ಕಣ್ಣುಗುಡ್ಡೆಗಳು ನಿಲ್ಲದೆ ತೂಗಾಡುವುದು, ಎರಡು ಕಣ್ಣೂ ಒಂದೇ ಕಡೆಗೆ ಹೊರಳಿ ಅಲ್ಲೇ ನಿಲ್ಲುವುದು, ಮೇಲಕ್ಕೆ ಅಥವಾ ಕೆಳಕ್ಕೆ ನೋಡಲಾಗದಿರುವುದು ಇವೆಲ್ಲ ಇದರಲ್ಲಿ ಬರುತ್ತವೆ. "ನಝರ್ ತಾಗಿದೆ, ಅದಕ್ಕೇ ಕಣ್ಣು ಹೊರಳಿಸಿದರು" ಎಂದು ಮೆಣಸಿನಕಾಯಿ ನಿವಾಳಿಸುತ್ತಾ ಕೂತರೆ ಆ ಹೊತ್ತಿನಲ್ಲಿ ಮೆದುಳು ಸಾಯುತ್ತಿರುತ್ತದೆ. ಇದು ಉತ್ಪ್ರೇಕ್ಷೆಯಲ್ಲ. ದೊಡ್ಡ ನಾಳ ಕಟ್ಟಿಕೊಂಡ ಸ್ಟ್ರೋಕ್‌ನಲ್ಲಿ ಚಿಕಿತ್ಸೆ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ನಾಶವಾಗುತ್ತವೆ ಎಂದು ಅಮೆರಿಕದ ವೈದ್ಯ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿ ತೋರಿಸಿದರು.

ಕಣ್ಣೂ ನೆನಪೂ ಒಟ್ಟಿಗೆ ಹೋಗುವುದೇಕೆ?

ಕಣ್ಣಿಗೂ ನೆನಪಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಇರುವುದು ರಕ್ತನಾಳದಲ್ಲಿ. ಮೆದುಳಿಗೆ ಮುಂಭಾಗದಿಂದ ಎರಡು, ಹಿಂಭಾಗದಿಂದ ಎರಡು ದೊಡ್ಡ ನಾಳಗಳು ರಕ್ತ ಒಯ್ಯುತ್ತವೆ. ಹಿಂಭಾಗದ ಎರಡೂ ಸೇರಿ ಒಂದಾಗಿ, ಮೆದುಳಿನ ಕಾಂಡದ ಮೇಲೆ ಸಾಗಿ, ತುದಿಯಲ್ಲಿ ಮತ್ತೆ ಎರಡಾಗಿ ಕವಲೊಡೆಯುತ್ತವೆ. ಆ ಕವಲಿನ ಸುತ್ತಮುತ್ತ ಮೂರು ಮುಖ್ಯ ಜಾಗಗಳಿವೆ. ಕಣ್ಣನ್ನು ಮೇಲೆ ಕೆಳಗೆ ಆಡಿಸುವ ಕೇಂದ್ರ, ಥಾಲಮಸ್ ಎಂಬ ಭಾಗ, ಮತ್ತು ಹೊಸ ಸಂಗತಿಗಳನ್ನು ನೆನಪಾಗಿ ಕಾಪಿಡುವ ಹಿಪೊಕ್ಯಾಂಪಸ್. ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಮೆದುಳಿನ ಹಿಂತುದಿಗೂ ರಕ್ತ ಹೋಗುವುದು ಇದೇ ಕವಲಿನಿಂದ. ಒಂದೇ ಕಾಲುವೆಯ ನೀರು ಕುಡಿಯುವ ನಾಲ್ಕು ಹೊಲಗಳಿದ್ದಂತೆ. ಕಾಲುವೆ ಕಟ್ಟಿಕೊಂಡರೆ ಒಟ್ಟಿಗೆ ಒಣಗುತ್ತವೆ. ನೀರಿನ ಬೆಲೆ ತಿಳಿದಿರುವ ಪಾವಗಡ, ಶಿರಾದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಈ ಕವಲಿನ ತುದಿಯಲ್ಲಾಗುವ ಸ್ಟ್ರೋಕನ್ನು ಅಮೆರಿಕದ ನರರೋಗ ತಜ್ಞ ಲೂಯಿ ಕಾಪ್ಲನ್ 1980ರಲ್ಲಿ ವಿವರವಾಗಿ ಬರೆದರು. ಅದಕ್ಕೂ ಮೊದಲು, 1970ರ ದಶಕದಲ್ಲಿ, ಫ್ರಾನ್ಸಿನ ಜೆರಾರ್ ಪರ್ಶೆರೋನ್ ಇನ್ನೊಂದು ಸಂಗತಿ ಗುರುತಿಸಿದ್ದರು. ಕೆಲವರಲ್ಲಿ ಎಡಬಲ ಎರಡೂ ಥಾಲಮಸ್‌ಗಳಿಗೆ ಒಂದೇ ಒಂದು ಸಣ್ಣ ನಾಳದಿಂದ ರಕ್ತ ಹೋಗುತ್ತದೆ. ಹುಟ್ಟಿನಿಂದಲೇ ಹಾಗಿರುತ್ತದೆ, ಯಾರಿಗಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಅದು ಕಟ್ಟಿಕೊಂಡರೆ ರೋಗಿ ವಿಪರೀತ ನಿದ್ದೆಗೆ ಜಾರುತ್ತಾನೆ. ಎಬ್ಬಿಸಿದರೆ ಕಣ್ಣು ಬಿಟ್ಟು ಒಂದೆರಡು ಮಾತಾಡಿ ಮತ್ತೆ ಮಲಗುತ್ತಾನೆ. ಕಣ್ಣು ಮೇಲೆ ಕೆಳಗೆ ಹೋಗುವುದಿಲ್ಲ. ನಿದ್ದೆ ಕಡಿಮೆಯಾದ ಮೇಲೆ ನೋಡಿದರೆ ನೆನಪು ಹೋಗಿರುತ್ತದೆ. ಕೈಕಾಲು ಮಾತ್ರ ಆಡುತ್ತಲೇ ಇರುತ್ತವೆ. ನಮ್ಮ ಮನೆಗಳಲ್ಲಿ "ಮಲಗಲಿ ಬಿಡಿ" ಎಂದು ಸುಮ್ಮನಾಗುವುದು ಇಂಥವರ ವಿಷಯದಲ್ಲೇ.

ಇದೇ ಜಾಗಕ್ಕೆ ತಗಲುವ, ಸ್ಟ್ರೋಕ್ ಅಲ್ಲದ ಇನ್ನೊಂದು ಕಾಯಿಲೆಯನ್ನು ಗರ್ಭಿಣಿಯರಿರುವ ಮನೆಯವರು ತಿಳಿದಿರಬೇಕು. ವಾರಗಟ್ಟಲೆ ವಾಂತಿಯಾಗಿ ಏನೂ ಹೊಟ್ಟೆಯಲ್ಲಿ ನಿಲ್ಲದ ಬಸುರಿಯರಲ್ಲಿ ಬಿ1 ವಿಟಮಿನ್ ತೀರಿಹೋಗಿ ಕಣ್ಣು ತೂಗಾಡುವುದು, ನಡಿಗೆ ತಪ್ಪುವುದು, ಗೊಂದಲದ ಮಾತು ಶುರುವಾಗಬಹುದು. ಆಗ ಬಿ1 ಇಂಜೆಕ್ಷನ್ ಕೊಡದೆ ಬರೀ ಗ್ಲೂಕೋಸ್ ಬಾಟಲಿ ಹಾಕಿದರೆ ಇನ್ನಷ್ಟು ಕೆಡುತ್ತದೆ, ನೆನಪು ಶಾಶ್ವತವಾಗಿ ಹೋಗಬಹುದು. "ಡಾಕ್ಟರೇ, ಮೂರು ವಾರದಿಂದ ಏನೂ ತಿಂದಿಲ್ಲ" ಎಂಬ ಒಂದು ಮಾತನ್ನು ಮೊದಲೇ ಹೇಳಿಬಿಡಿ.

ನಾಲ್ಕೂವರೆ ಗಂಟೆಯ ಲೆಕ್ಕ

ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಕೊಡುವ ಮೊದಲು ಸಿ.ಟಿ. ಸ್ಕ್ಯಾನ್ ಆಗಲೇಬೇಕು. ಏಕೆಂದರೆ ಸ್ಟ್ರೋಕ್ ಎರಡು ಬಗೆ, ನಾಳ ಕಟ್ಟಿಕೊಂಡು ಆಗುವುದು ಮತ್ತು ನಾಳ ಒಡೆದು ಆಗುವುದು. ಹೊರಗಿನಿಂದ ನೋಡಿ ಎರಡನ್ನೂ ಬೇರೆ ಮಾಡಲು ಯಾರಿಂದಲೂ ಆಗದು. ಒಡೆದ ನಾಳಕ್ಕೆ ರಕ್ತ ತೆಳುವಾಗಿಸುವ ಔಷಧ ಕೊಟ್ಟರೆ ಪ್ರಾಣವೇ ಹೋಗಬಹುದು. ಹಾಗಾಗಿ "ಹೃದಯಕ್ಕೆ ಕೊಡುತ್ತಾರಲ್ಲ" ಎಂದು ಮನೆಯಲ್ಲೇ ಆಸ್ಪಿರಿನ್ ನುಂಗಿಸಬೇಡಿ. ದೊಡ್ಡ ನಾಳ ಕಟ್ಟಿಕೊಂಡಿದ್ದರೆ ತೊಡೆಯ ಅಥವಾ ಕೈಯ ನಾಳದ ಮೂಲಕ ತಂತಿ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವ ವಿಧಾನವೂ ಬಂದಿದೆ. 2018ರಿಂದೀಚೆಗೆ ಆಯ್ದ ಕೆಲವು ರೋಗಿಗಳಿಗೆ 24 ಗಂಟೆಯವರೆಗೂ ಇದನ್ನು ಮಾಡುತ್ತಾರೆ. ಆದರೆ ಅದು ದೊಡ್ಡ ಊರಿನ ಕೆಲವೇ ಆಸ್ಪತ್ರೆಗಳಲ್ಲಿ ಲಭ್ಯ.

ಈಗ ನಿಮ್ಮ ಊರಿನ ಲೆಕ್ಕ ಹಾಕಿ. ಕೊರಟಗೆರೆಯಿಂದ ತುಮಕೂರು ಮೂವತ್ತು ಕಿಲೋಮೀಟರಿನ ಒಳಗೆ. ಮಧುಗಿರಿಯಿಂದ ನಲವತ್ತಕ್ಕೆ ಸ್ವಲ್ಪ ಮೇಲೆ. ಶಿರಾದಿಂದ ಸುಮಾರು ಐವತ್ತು, ಹೆದ್ದಾರಿಯ ಅನುಕೂಲವೂ ಇದೆ. ಪಾವಗಡದವರದ್ದೇ ಕಷ್ಟ. ಮೂರು ದಿಕ್ಕಿಗೂ ಆಂಧ್ರ, ಜಿಲ್ಲಾ ಕೇಂದ್ರ ಸುಮಾರು ನೂರು ಕಿಲೋಮೀಟರ್ ದೂರ. ಅಲ್ಲಿನ ಹಳ್ಳಿಯಿಂದ ಹೊರಟು ತಾಲೂಕು ಕೇಂದ್ರಕ್ಕೆ ಬಂದು, ಅಲ್ಲಿಂದ ತುಮಕೂರು ತಲುಪುವಷ್ಟರಲ್ಲಿ ಮೂರು ಗಂಟೆ ಸುಲಭವಾಗಿ ಹೋಗುತ್ತದೆ. ಅಂದರೆ ಮನೆಯಲ್ಲಿ ಯೋಚಿಸುವುದಕ್ಕೆ, ಅಳಿಯನಿಗೆ ಫೋನ್ ಮಾಡಿ ಕೇಳುವುದಕ್ಕೆ, ಬೆಂಗಳೂರಿನ ಮಗ ಬರಲಿ ಎಂದು ಕಾಯುವುದಕ್ಕೆ ಪಾವಗಡದ ಮನೆಗೆ ಸಮಯವೇ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮನೆಯ ಗಂಡಸರು ಬರುವವರೆಗೆ ಕಾಯುವ ಪದ್ಧತಿಯನ್ನು ಈ ಒಂದು ವಿಷಯದಲ್ಲಾದರೂ ಬಿಡಬೇಕು. 108ಕ್ಕೆ ಫೋನ್ ಮಾಡಲು ಯಾರ ಅನುಮತಿಯೂ ಬೇಡ.

ಫೋನ್ ಮಾಡಿದಾಗ "ತಲೆಸುತ್ತು" ಎಂದಷ್ಟೇ ಹೇಳಬೇಡಿ. "ಇದ್ದಕ್ಕಿದ್ದಂತೆ ಎರಡೆರಡು ಕಾಣುತ್ತಿದೆ, ನಡೆಯಲು ಆಗುತ್ತಿಲ್ಲ, ಸ್ಟ್ರೋಕ್ ಇರಬಹುದು" ಎನ್ನಿ. ತಾಲೂಕು ಆಸ್ಪತ್ರೆಯಲ್ಲಿ ಸಕ್ಕರೆ ಮತ್ತು ಬಿ.ಪಿ. ನೋಡುತ್ತಾರೆ. ಸಕ್ಕರೆ ತೀರಾ ಇಳಿದಾಗಲೂ ಸ್ಟ್ರೋಕ್ ಥರವೇ ಕಾಣುತ್ತದೆ, ಅದನ್ನು ಅಲ್ಲೇ ಸರಿಪಡಿಸಬಹುದು. ಇಲ್ಲದಿದ್ದರೆ ಸಿ.ಟಿ. ಇರುವ ಆಸ್ಪತ್ರೆಗೆ, ತುಮಕೂರಿನ ಜಿಲ್ಲಾ ಆಸ್ಪತ್ರೆಗೋ ಅಲ್ಲಿನ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೋ ನೇರ ಹೋಗಬೇಕು. ಮೊದಲೇ ಫೋನ್ ಮಾಡಿ ವಿಚಾರಿಸಿದರೆ ಒಳ್ಳೆಯದು. ಹೋಗುವಾಗ ಅವರು ನುಂಗುತ್ತಿರುವ ಮಾತ್ರೆಗಳ ಪಟ್ಟಿಗಳನ್ನೆಲ್ಲ ಒಂದು ಚೀಲಕ್ಕೆ ಸುರಿದುಕೊಂಡು ಹೋಗಿ.

ವೈದ್ಯರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಗೊತ್ತಿರುವುದು ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳಿಗೇ. "ಕೊನೆಯ ಸಲ ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ?" ಲಕ್ಷಣ ಕಂಡ ಹೊತ್ತನ್ನು ಅವರು ಕೇಳುತ್ತಿಲ್ಲ. ರಾತ್ರಿ ಹತ್ತಕ್ಕೆ ಚೆನ್ನಾಗಿ ಮಾತಾಡಿ ಮಲಗಿದವರು ಬೆಳಗ್ಗೆ ಐದಕ್ಕೆ ಹೀಗೆ ಎದ್ದರೆ ಲೆಕ್ಕ ಶುರುವಾಗುವುದು ರಾತ್ರಿ ಹತ್ತರಿಂದ. ನಡುರಾತ್ರಿ ಎರಡಕ್ಕೆ ಎದ್ದು ನೀರು ಕುಡಿದು ಸರಿಯಾಗಿಯೇ ಮಲಗಿದ್ದನ್ನು ನೀವು ನೋಡಿದ್ದರೆ ಆ ಮಾತು ಚಿಕಿತ್ಸೆಯನ್ನೇ ಬದಲಿಸಬಹುದು.

ಇನ್ನೊಂದು ವಿಷಯ ಹೇಳಲು ಸ್ವಲ್ಪ ಸಂಕೋಚವಾಗುತ್ತದೆ, ಆದರೂ ಹೇಳಲೇಬೇಕು. ಇಂಥ ಹೊತ್ತಿನಲ್ಲಿ ಪ್ರೀತಿಯಿಂದ ಬಾಯಿಗೆ ಝಮ್‌ಝಮ್ ನೀರು, ಜೇನು ಹಾಕುವವರಿದ್ದಾರೆ. ಮೆದುಳಿನ ಕಾಂಡಕ್ಕೆ ಪೆಟ್ಟಾದವರಿಗೆ ನುಂಗುವ ಶಕ್ತಿ ಹೋಗಿರಬಹುದು. ನೀರು ಯಾವುದೇ ಇರಲಿ, ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ತುಟಿ ಒದ್ದೆ ಮಾಡಿ, ದುಆ ಮಾಡಿ. ನುಂಗಬಲ್ಲರೇ ಎಂದು ವೈದ್ಯರು ನೋಡುವವರೆಗೆ ಹನಿ ನೀರೂ ಬೇಡ. ಲಕ್ವಕ್ಕೆ ಪಾರಿವಾಳದ ರಕ್ತ ಉಜ್ಜಿಸಲು ದೂರದೂರಿಗೆ ಕಾರು ಮಾಡಿಕೊಂಡು ಹೋಗುವವರ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಅದೇ ಕಾರು ತುಮಕೂರಿಗೂ ಹೋಗುತ್ತದೆ.

ಬಾಣಂತಿಗೆ ನೀರು ಕೊಡಿ

ಸ್ಟ್ರೋಕ್ ಮುದುಕರ ಕಾಯಿಲೆ ಎಂದುಕೊಂಡಿದ್ದರೆ ಈ ಭಾಗವನ್ನು ಎರಡು ಸಲ ಓದಿ. ಮೆದುಳಿನಿಂದ ರಕ್ತ ಹೊರಗೆ ಹೋಗುವ ನಾಳಗಳು ಕಟ್ಟಿಕೊಂಡು ಆಗುವ ಸ್ಟ್ರೋಕ್ ಒಂದಿದೆ. ಅದು ಹೆಚ್ಚಾಗಿ ಹಿಡಿಯುವುದು ಚಿಕ್ಕ ವಯಸ್ಸಿನ ಹೆಂಗಸರನ್ನು. ಹೆರಿಗೆಯ ನಂತರದ ವಾರಗಳಲ್ಲಿ ಬಾಣಂತಿಯರಿಗೆ ಇದು ಬರುವುದನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಡಿ. ನಾಗರಾಜ ಮತ್ತು ಅವರ ಸಹೋದ್ಯೋಗಿಗಳು ವರ್ಷಗಳ ಕಾಲ ಅಧ್ಯಯನ ಮಾಡಿದ್ದಾರೆ. ಹೆರಿಗೆಯ ಹೊತ್ತಿಗೆ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುವ ಸ್ಥಿತಿಯಲ್ಲಿರುತ್ತದೆ. ಅದರ ಜೊತೆಗೆ ರಕ್ತಹೀನತೆ, ಸೋಂಕು ಮತ್ತು ನಮ್ಮ ಹಳೆಯ ಕಟ್ಟುಪಾಡಿನಂತೆ ನೀರು ಕೊಡದೆ ಒಣಗಿಸುವುದು ಸೇರಿದರೆ ಕೇಳುವುದೇ ಬೇಡ. "ನೀರು ಕುಡಿದರೆ ಹೊಟ್ಟೆ ಬರುತ್ತದೆ" ಎಂದು ಬಾಣಂತಿಗೆ ದಿನಕ್ಕೆರಡು ಲೋಟ ಅಳೆದು ಕೊಡುವ ಮನೆಗಳು ಬಯಲುಸೀಮೆಯಲ್ಲಿ ಇನ್ನೂ ಇವೆ. ಹಾಲೂಡುವ ತಾಯಿಗೆ ಬಾಯಾರಿದಷ್ಟೂ ನೀರು ಬೇಕು.

ಇದರ ಲಕ್ಷಣ ಬೇರೆ. ದಿನದಿನಕ್ಕೆ ಹೆಚ್ಚುವ ತಲೆನೋವು, ವಾಂತಿ, ಕಣ್ಣು ಮಂಜಾಗುವುದು. ತಲೆಯೊಳಗಿನ ಒತ್ತಡ ಏರಿ ಕಣ್ಣನ್ನು ಹೊರಕ್ಕೆ ತಿರುಗಿಸುವ ನರ ಸೋತು ಎರಡೆರಡು ಕಾಣುವುದು. ಆಮೇಲೆ ಫಿಟ್ಸ್. ಬಾಣಂತಿಗೆ ಫಿಟ್ಸ್ ಬಂದರೆ "ಜಿನ್ನ್ ಹಿಡಿದಿದೆ" ಎಂದು ಕೋಣೆಯಲ್ಲಿ ಕೂರಿಸಿ ಹೊಗೆ ಹಾಕುವವರು ಒಂದು ಮಗುವಿನ ತಾಯಿಯನ್ನೇ ಕಳೆಯುತ್ತಿದ್ದಾರೆ. ಸಮಯಕ್ಕೆ ಸರಿಯಾಗಿ ರಕ್ತ ತೆಳುವಾಗಿಸುವ ಚಿಕಿತ್ಸೆ ಸಿಕ್ಕರೆ ಇವರಲ್ಲಿ ಹೆಚ್ಚಿನವರು ಚೆನ್ನಾಗಿ ಚೇತರಿಸಿಕೊಳ್ಳುತ್ತಾರೆ.

ರಮಝಾನಿನ ಮೂವತ್ತೂ ಉಪವಾಸ ಹಿಡಿಯಬೇಕೆಂದು, ಹಜ್ಜ್ ಉಮ್ರಾಗಳಲ್ಲಿ ಅಡಚಣೆ ಆಗಬಾರದೆಂದು ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್ ಅಂಗಡಿಯಿಂದ ತಾವೇ ತಂದು ನುಂಗುವ ಸಹೋದರಿಯರು ನಮ್ಮಲ್ಲಿ ಕಡಿಮೆಯಿಲ್ಲ. ರಮಝಾನ್ ತಿಂಗಳಲ್ಲಿ ಇದಕ್ಕಾಗಿ ಗರ್ಭನಿರೋಧಕ ಮಾತ್ರೆ ತೆಗೆದುಕೊಂಡ ಹೆಂಗಸರಲ್ಲಿ ಈ ಬಗೆಯ ಸ್ಟ್ರೋಕ್ ಕಂಡದ್ದನ್ನು ಇರಾನಿನ ವೈದ್ಯರು ವರದಿ ಮಾಡಿದ್ದಾರೆ. ಹಾರ್ಮೋನು ಒಂದು ಕಡೆ, ದಿನವಿಡೀ ನೀರಿಲ್ಲದಿರುವುದು ಇನ್ನೊಂದು ಕಡೆ. ಬಿ.ಪಿ. ಇರುವವರು, ಕಣ್ಣ ಮುಂದೆ ಮಿಂಚು ಕಂಡು ಬರುವ ಅರೆತಲೆನೋವಿನವರು, ಮನೆತನದಲ್ಲಿ ರಕ್ತ ಹೆಪ್ಪುಗಟ್ಟುವ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಆ ಮಾತ್ರೆ ಮುಟ್ಟಬಾರದು. ಬಿಟ್ಟುಹೋದ ಉಪವಾಸವನ್ನು ನಂತರ ಪೂರೈಸುವ ಅವಕಾಶವನ್ನು ಶರೀಅತ್ತೇ ಕೊಟ್ಟಿರುವಾಗ ಈ ಅಪಾಯವೇಕೆ?

"ಸೊಸೆ ಊಟವೇ ಹಾಕಿಲ್ಲ"

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಶುರುವಾಗುವ ಕಷ್ಟ ಬೇರೆಯದು, ಅದರ ಭಾರ ಬೀಳುವುದೂ ಹೆಂಗಸರ ಮೇಲೆಯೇ. ಒಂದು ಮನೆ ಹೀಗಿದೆ ಎಂದುಕೊಳ್ಳಿ. ಅತ್ತೆಗೆ ಸ್ಟ್ರೋಕ್ ಆಗಿ ಎರಡು ತಿಂಗಳು. ಓಡಾಡುತ್ತಾರೆ, ಚೆನ್ನಾಗಿಯೇ ಮಾತಾಡುತ್ತಾರೆ. ಐವತ್ತು ವರ್ಷದ ಹಿಂದೆ ಶಿರಾದ ಜುಮ್ಮಾ ಮಸೀದಿಯ ಬೀದಿಯಲ್ಲಿ ನಡೆದ ತಮ್ಮ ನಿಕಾಹ್‌ಗೆ ಯಾರ್ಯಾರು ಬಂದಿದ್ದರು, ಬಿರಿಯಾನಿ ಯಾರು ಮಾಡಿದ್ದರು ಎಲ್ಲ ಹೇಳುತ್ತಾರೆ. ಆದರೆ ಅರ್ಧ ಗಂಟೆ ಹಿಂದೆ ಉಂಡದ್ದು ನೆನಪಿಲ್ಲ. ನೋಡಲು ಬಂದ ನಾದಿನಿಯ ಎದುರು "ಬೆಳಗಿನಿಂದ ಈ ಸೊಸೆ ಒಂದು ತುತ್ತು ಹಾಕಿಲ್ಲ" ಎನ್ನುತ್ತಾರೆ. ಸೊಸೆ ಕಣ್ಣೀರು ಒರೆಸಿಕೊಂಡು ಅಡುಗೆಮನೆಗೆ ಹೋಗುತ್ತಾಳೆ. ನಾದಿನಿ ಅಣ್ಣನ ಕಿವಿಯಲ್ಲಿ ಏನೋ ಹೇಳುತ್ತಾಳೆ.

ಹಳೆಯ ನೆನಪು ಮೆದುಳಿನ ಬೇರೆ ಬೇರೆ ಕಡೆ ಗಟ್ಟಿಯಾಗಿ ಕೂತಿರುತ್ತದೆ. ಹೊಸದನ್ನು ಹಿಡಿದಿಡುವ ಯಂತ್ರ ಮಾತ್ರ ಕೆಟ್ಟಿದೆ. ಥಾಲಮಸ್‌ಗೆ ಪೆಟ್ಟಾದವರಲ್ಲಿ ಇನ್ನೂ ಒಂದು ವಿಚಿತ್ರವಿದೆ. ನೆನಪಿನಲ್ಲಿ ಖಾಲಿ ಬಿಟ್ಟ ಜಾಗವನ್ನು ಮೆದುಳು ತಾನೇ ಕತೆ ಕಟ್ಟಿ ತುಂಬಿಕೊಳ್ಳುತ್ತದೆ. ನಡೆಯದೇ ಇದ್ದದ್ದನ್ನು ಅವರು ಕಂಡಂತೆ ಹೇಳುತ್ತಾರೆ. ಅವರ ಪಾಲಿಗೆ ಅದು ನಿಜ, ಸುಳ್ಳು ಹೇಳುವ ಉದ್ದೇಶ ಅಲ್ಲಿ ಇರುವುದೇ ಇಲ್ಲ. ಒಡವೆ ಕದ್ದರು, ಬಾಗಿಲು ಹಾಕಿ ಕೂಡಿಹಾಕಿದರು ಎಂಬ ದೂರುಗಳು ಹುಟ್ಟುವುದು ಹೀಗೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ವೈದ್ಯರ ಬಾಯಿಂದ ಮನೆಯವರೆಲ್ಲರ ಮುಂದೆ, ಮುಖ್ಯವಾಗಿ ಬೇರೆ ಊರಲ್ಲಿರುವ ಹೆಣ್ಣುಮಕ್ಕಳ ಮುಂದೆ, ಇದನ್ನು ಹೇಳಿಸಿಬಿಡಿ. ಎಷ್ಟೋ ಮನಸ್ತಾಪ ಉಳಿಯುತ್ತದೆ.

"ಆಗಲೇ ತಿಂದಿರಲ್ಲ ಅಮ್ಮಿ!" ಎಂದು ವಾದಿಸಿದರೆ ಪ್ರಯೋಜನವಿಲ್ಲ. ಗೋಡೆಗೊಂದು ಬಿಳಿ ಹಲಗೆ ಹಾಕಿ. ಮೇಲೆ ದಿನ, ತಾರೀಖು. ಊಟವಾದ ಕೂಡಲೇ ಅವರ ಕೈಯಲ್ಲೇ "ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು ಉಂಡೆ" ಎಂದು ಬರೆಸಿ. ಓದು ಬಾರದವರಾದರೆ ತಟ್ಟೆಯ ಚಿತ್ರದ ಮೇಲೆ ಒಂದು ಗೆರೆ ಸಾಕು. ಸ್ವಂತ ಕೈಯ ಗುರುತನ್ನು ಅವರು ಹೆಚ್ಚಾಗಿ ನಂಬುತ್ತಾರೆ. ತಸ್ಬೀಹ್, ಕನ್ನಡಕ, ಎಲೆಯಡಿಕೆ ಚೀಲ ಎಲ್ಲಕ್ಕೂ ಒಂದೊಂದೇ ಜಾಗ ಇರಲಿ, ಬದಲಿಸಬೇಡಿ. ನಮ್ಮ ಮನೆಗಳಲ್ಲಿ ಇನ್ನೊಂದು ಅನುಕೂಲವಿದೆ. ದಿನಕ್ಕೆ ಐದು ಸಲ ಅಝಾನ್ ಕೇಳುತ್ತದೆ. ಗಡಿಯಾರ ನೋಡಿ ಹೊತ್ತು ತಿಳಿಯಲಾಗದವರೂ ಅಝಾನಿಗೆ ಕಟ್ಟಿದ ದಿನಚರಿಯನ್ನು ಹಿಡಿದುಕೊಳ್ಳಬಲ್ಲರು. ಝುಹರ್ ಆದ ಮೇಲೆ ಊಟ, ಅಸರ್ ಆದ ಮೇಲೆ ಚಹಾ, ಮಗ್ರಿಬ್ ಆದ ಮೇಲೆ ಬಿ.ಪಿ. ಮಾತ್ರೆ. ರಕಅತ್ ಎಷ್ಟಾಯಿತು ಎಂದು ಮರೆತು ಗಾಬರಿಯಾಗುವವರ ಪಕ್ಕದಲ್ಲಿ ನೀವೋ ಮೊಮ್ಮಗಳೋ ನಿಂತು ನಮಾಝ್ ಮಾಡಿ, ನೋಡಿಕೊಂಡು ಮಾಡುತ್ತಾರೆ.

ನೋಡಲು ಬರುವ ನೆಂಟರಿಗೂ ಒಂದು ಮಾತು. ಬಂದವರೆಲ್ಲ "ನಾನ್ಯಾರು ಹೇಳಿ ನೋಡೋಣ?" ಎಂದು ಪರೀಕ್ಷೆ ಶುರು ಮಾಡುತ್ತಾರೆ. ಗೊತ್ತಾಗದೆ ಆ ಹಿರಿಯರು ಪೆಚ್ಚಾಗಿ ನಗುವುದನ್ನು ನೋಡಲಾಗದು. "ಅಸ್ಸಲಾಮು ಅಲೈಕುಮ್ ಖಾಲಾ, ನಾನು ಕೊರಟಗೆರೆಯ ನಿಮ್ಮ ತಂಗಿಯ ಮಗಳು" ಎಂದು ನೀವೇ ಹೇಳಿಬಿಡಿ.

ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಖಿನ್ನತೆ ಬರುತ್ತದೆ. ಸುಮ್ಮನೆ ಕೂರುವುದು, ಕೇಳಿದ್ದಕ್ಕೆ "ಗೊತ್ತಿಲ್ಲ" ಎನ್ನುವುದು ಮರೆವಿನಂತೆಯೇ ಕಾಣುತ್ತದೆ, ಆದರೆ ಅದಕ್ಕೆ ಔಷಧವಿದೆ. ಥೈರಾಯ್ಡ್, ಬಿ12 ಕೊರತೆಯಿಂದಲೂ ಮರೆವು ಹೆಚ್ಚುತ್ತದೆ, ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. "ಇನ್ನು ಇಷ್ಟೇ" ಎಂದು ಬಿಡುವ ಮೊದಲು ಇವನ್ನು ನೋಡಿಸಿ. ನಿಮ್ಹಾನ್ಸ್ ಮತ್ತು ರಾಜ್ಯ ಸರಕಾರ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಎಂಬ ಯೋಜನೆ ಆರಂಭಿಸಿದವು. ಸ್ಟ್ರೋಕ್, ಮರೆವು, ಫಿಟ್ಸ್, ತಲೆನೋವುಗಳನ್ನು ಜಿಲ್ಲಾ ಮಟ್ಟದಲ್ಲೇ ನೋಡಬೇಕೆಂಬುದು ಅದರ ಉದ್ದೇಶ. ಮೊದಲು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ಶುರುವಾಯಿತು. ತುಮಕೂರಿಗೆ ಹೋದಾಗ ಜಿಲ್ಲಾ ಆಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಬಗ್ಗೆ ಕೇಳಿ ನೋಡಿ.

ಅರ್ಧ ತಟ್ಟೆ, ಅರ್ಧ ಪುಟ

ಕಣ್ಣಿನ ಚಲನೆ ಸರಿಯಿದ್ದೂ ನೋಟದ ಅರ್ಧ ಭಾಗ ಹೋಗುವುದುಂಟು. ಎಡಗಡೆಯದ್ದೇ ಅಥವಾ ಬಲಗಡೆಯದ್ದೇ ಕಾಣದು, ಎರಡು ಕಣ್ಣಿಗೂ. ಬಾಗಿಲಿನ ಚೌಕಟ್ಟಿಗೆ ಒಂದೇ ಭುಜ ತಗಲುತ್ತಿದ್ದರೆ, ತಟ್ಟೆಯಲ್ಲಿ ಒಂದೇ ಪಕ್ಕದ ಅನ್ನ ಉಳಿಯುತ್ತಿದ್ದರೆ ಅನುಮಾನಿಸಿ. ಬಲಭಾಗ ಹೋದವರು ಕನ್ನಡ ಪತ್ರಿಕೆ ಓದಲು ಒದ್ದಾಡುತ್ತಾರೆ, ಮುಂದಿನ ಪದ ಕಾಣುವುದಿಲ್ಲ. ಎಡಭಾಗ ಹೋದವರಿಗೆ ಕಷ್ಟವಾಗುವುದು ಉರ್ದು ಮತ್ತು ಕುರ್‌ಆನ್ ಓದುವಾಗ, ಅಲ್ಲಿ ಸಾಲು ಬಲದಿಂದ ಎಡಕ್ಕೆ ಸಾಗುತ್ತದೆ. "ಪೇಪರ್ ಓದುತ್ತಾರೆ, ಕುರ್‌ಆನ್ ಮಾತ್ರ ಓದಲ್ಲ" ಎಂದು ಮನೆಯವರು ಬೇಸರಪಟ್ಟುಕೊಳ್ಳುವ ಮೊದಲು ಇದನ್ನು ತಿಳಿದಿರಬೇಕು. ಕಾಣದ ಬದಿಯ ಅಂಚಿಗೆ ಒಂದು ಕೆಂಪು ಪಟ್ಟಿ ಇಟ್ಟು, ಆ ಪಟ್ಟಿ ಕಾಣುವವರೆಗೆ ತಲೆ ತಿರುಗಿಸುವ ಅಭ್ಯಾಸ ಮಾಡಿಸಿದರೆ ಓದು ನಿಧಾನವಾಗಿ ಸುಧಾರಿಸುತ್ತದೆ. ತಟ್ಟೆಯನ್ನು ಊಟದ ನಡುವೆ ತಿರುಗಿಸಿ ಕೊಡಿ.

ಎರಡೆರಡು ಕಾಣುವವರಿಗೆ ಸದ್ಯಕ್ಕೆ ಒಂದು ಕಣ್ಣು ಮುಚ್ಚುವುದೇ ಉಪಾಯ. ಬಟ್ಟೆ ಕಟ್ಟುವ ಬದಲು ಕನ್ನಡಕದ ಒಂದು ಗಾಜಿಗೆ ಮಂಜು ಬಣ್ಣದ ಟೇಪು ಅಂಟಿಸಿದರೆ ಸಾಕು, ದಿನ ಬಿಟ್ಟು ದಿನ ಗಾಜು ಬದಲಿಸಬಹುದು. ಆದರೆ ಒಂದೇ ಕಣ್ಣಿನಲ್ಲಿ ದೂರ ಹತ್ತಿರದ ಅಂದಾಜು ಸಿಗದು. ಒಲೆಯ ಮುಂದೆ, ಬಿಸಿ ಚಹಾ ಸುರಿಯುವಾಗ, ಮೆಟ್ಟಿಲು ಇಳಿಯುವಾಗ ಜೊತೆಗಿರಿ. ಸ್ಕೂಟರ್ ಮುಟ್ಟಬಾರದು.

ಎರಡನೆಯ ಸ್ಟ್ರೋಕ್ ತಡೆಯುವುದು ಇದೆಲ್ಲಕ್ಕಿಂತ ಮುಖ್ಯ. ಮೊದಲ ಸ್ಟ್ರೋಕ್ ನಂತರ ಹತ್ತರಲ್ಲೊಬ್ಬರಿಗೆ ಹೊಸದಾಗಿ ಮರೆವಿನ ಕಾಯಿಲೆ ಬಂದರೆ, ಮತ್ತೆ ಸ್ಟ್ರೋಕ್ ಆದವರಲ್ಲಿ ಅದು ಮೂರರಲ್ಲೊಬ್ಬರಿಗಿಂತ ಹೆಚ್ಚು. ಬೆಂಗಳೂರಿನ ಸೇಂಟ್ ಜಾನ್ಸ್‌ನವರೂ ಭಾಗವಹಿಸಿದ್ದ, 32 ದೇಶಗಳ ಇಂಟರ್‌ಸ್ಟ್ರೋಕ್ ಅಧ್ಯಯನದ ಪ್ರಕಾರ (2016) ಸ್ಟ್ರೋಕ್‌ನ ಅಪಾಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಾವು ಬದಲಿಸಬಹುದಾದ ಹತ್ತು ಕಾರಣಗಳಿಂದ ಬರುತ್ತದೆ. ಅವುಗಳಲ್ಲಿ ಮೊದಲನೆಯದು ಬಿ.ಪಿ. "ಈಗ ಚೆನ್ನಾಗಿದೆ" ಎಂದು ಮಾತ್ರೆ ನಿಲ್ಲಿಸುವವರೇ ನಮ್ಮಲ್ಲಿ ಹೆಚ್ಚು. ಚೆನ್ನಾಗಿರುವುದು ಮಾತ್ರೆಯಿಂದ. ಉಪ್ಪಿನಕಾಯಿ, ಹಪ್ಪಳ ಕಡಿಮೆಯಾಗಲಿ. ಬೀಡಿ ಸೇದುವುದು ಮಾತ್ರವಲ್ಲ, ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಜಗಿಯುವ ಅಜ್ಜಿಯರೂ ಅದನ್ನು ಬಿಡಬೇಕು. ರಮಝಾನ್ ಬರುವ ಒಂದು ತಿಂಗಳ ಮೊದಲೇ ವೈದ್ಯರ ಬಳಿ ಹೋಗಿ ಉಪವಾಸ ಹಿಡಿಯಬಹುದೇ, ಹಿಡಿದರೆ ಯಾವ ಮಾತ್ರೆ ಸಹರಿಗೆ, ಯಾವುದು ಇಫ್ತಾರಿಗೆ ಎಂದು ಬರೆಸಿಕೊಂಡು ಬನ್ನಿ. ಬೇಡ ಎಂದರೆ ರೋಗಿಗೆ ವಿನಾಯಿತಿ ಇದೆ, ಒತ್ತಾಯಿಸಬೇಡಿ.

ಕಣ್ಣಿನ ಚಲನೆ ಹೆಚ್ಚಾಗಿ ಸುಧಾರಿಸುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ. ಹೀಗಾಗಿ ಕಣ್ಣಿನ ವೈದ್ಯರು ಕೂಡಲೇ ಹೊಸ ಕನ್ನಡಕ ಬರೆಯುವುದಿಲ್ಲ. ಎರಡು ಚಿತ್ರಗಳನ್ನು ಒಂದು ಮಾಡುವ ಪ್ರಿಸ್ಮ್ ಎಂಬ ತೆಳು ಹಾಳೆಯನ್ನು ಹಳೆಯ ಕನ್ನಡಕದ ಮೇಲೆಯೇ ಅಂಟಿಸಿ ಕೊಡುತ್ತಾರೆ, ಕಣ್ಣು ಸುಧಾರಿಸಿದಂತೆ ಬದಲಿಸುತ್ತಾರೆ. ಆರು ತಿಂಗಳಾದ ಮೇಲೂ ಕಣ್ಣು ಓರೆಯಾಗಿಯೇ ಉಳಿದರೆ ಸ್ನಾಯುವಿನ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅಲ್ಲಿಯವರೆಗೆ ಪ್ರತಿ ಭೇಟಿಗೂ ಹಳೆಯ ಕನ್ನಡಕ, ಸ್ಕ್ಯಾನಿನ ಫಿಲ್ಮು ಮತ್ತು ಗೋಡೆಯ ಹಲಗೆಯಲ್ಲಿ ಬರೆದಿಟ್ಟ ಬಿ.ಪಿ. ಅಂಕಿಗಳನ್ನು ಒಂದು ಚೀಟಿಯಲ್ಲಿ ತೆಗೆದುಕೊಂಡು ಹೋಗಿ.